ನಲವತ್ತಕ್ಕೆ ಇಳಿಸಿದ ಮೇಲೆ ಉಳಿಯುವ ಬರ್ಬನ್

ಸಿನ್ಸಿನಾಟಿಯಲ್ಲಿರುವ ನನ್ನ ಭಾವಮೈದುನ ವರ್ಷಕ್ಕೊಮ್ಮೆ ಊರಿಗೆ ಬರುವಾಗ ಅಕ್ಕನಿಗೆ ತವರಿನ ಬಾಗಿನದ ಲೆಕ್ಕದಲ್ಲಿ ಏನಾದರೊಂದನ್ನು, ಭಾವನಾದ ನನಗೆ ಎರಡು ಬಾಟಲಿ ವಿಸ್ಕಿಯನ್ನು ತರುವುದು ಕೆಲವು ವರ್ಷಗಳಿಂದ ನಡೆದುಬಂದ ಪದ್ಧತಿ. ಅವನ ಊರಿನ ಪಕ್ಕದಲ್ಲಿ ಹರಿಯುವ ಓಹಾಯೊ ನದಿಯ ಸೇತುವೆ ದಾಟಿದರೆ ಕೆಂಟಕಿ ರಾಜ್ಯ, ಅಂದರೆ ಬರ್ಬನ್ ಎಂಬ ಅಮೆರಿಕದ ವಿಸ್ಕಿಯ ತವರು. ಏನು ಬೇಕಾದರೂ ತರಬಲ್ಲ ಅವನಿಗೆ ನಾನು ಮೊದಲ ಸಲವೇ ಹೇಳಿದ್ದು ಇಷ್ಟು: ಗಾಜಿನ ಬೀರುವಿನಲ್ಲಿಟ್ಟು ಬೀಗ ಹಾಕುವಂಥದ್ದು ಬೇಡ, ಅಂಗಡಿಯ ಕೆಳಗಿನ ಹಲಗೆಯಲ್ಲಿ ಸಾಲಾಗಿ ನಿಂತಿರುವಂಥದ್ದೇ ಸಾಕು, ಆದರೆ ಲೇಬಲ್ಲಿನ ಮೇಲೆ 100 ಅಥವಾ ಅದಕ್ಕಿಂತ ಹೆಚ್ಚಿನ ಪ್ರೂಫ್ ಇರಲಿ. ಹೀಗೆ ಬಂದ ಮೂರು ಬಾಟಲಿಗಳನ್ನು ಇಲ್ಲಿಯೇ ಕೊಂಡ ಇನ್ನೊಂದರ ಜೊತೆಗಿಟ್ಟು, ಕೊಟ್ಟ ಹಣಕ್ಕೆ ಯಾವುದು ಎಷ್ಟು ಬಾಳುತ್ತದೆ ಎಂದು ಕಳೆದ ತಿಂಗಳು ಒಂದು ಭಾನುವಾರ ಕೂತು ನೋಡಿದೆ.

ಮೊದಲು ಪ್ರೂಫ್ ಎಂಬ ಮಾತನ್ನು ಬಿಡಿಸಿಕೊಳ್ಳಬೇಕು, ಏಕೆಂದರೆ ಅವರ ಬಾಟಲಿಯ ಪ್ರೂಫೇ ಬೇರೆ, ನಮ್ಮ ಬಾಟಲಿಯದೇ ಬೇರೆ. ಅಮೆರಿಕದವರದು ಸರಳ: ಆಲ್ಕೊಹಾಲಿನ ಶೇಕಡಾವಾರು ಅಂಕಿಯನ್ನು ಎರಡರಿಂದ ಗುಣಿಸಿದರೆ ಆಯಿತು, ಶೇ. 50 ಇದ್ದರೆ 100 ಪ್ರೂಫ್. ನಮ್ಮ ವೈನ್ ಶಾಪಿನ ಕ್ವಾರ್ಟರ್ ಬಾಟಲಿಯನ್ನು ತಿರುಗಿಸಿ ಓದಿದವರಿಗೆ ಶೇ. 42.8 ಎಂಬ ವಿಚಿತ್ರ ಅಂಕಿಯೂ, ಅದರ ಮಗ್ಗುಲಲ್ಲಿ ಕೆಲವೊಮ್ಮೆ 75 ಡಿಗ್ರಿ ಪ್ರೂಫ್ ಎಂಬ ಬರಹವೂ ಕಂಡಿರುತ್ತದೆ. ಅದು ಬ್ರಿಟಿಷರು ಬಿಟ್ಟುಹೋದ ಅಳತೆ. ಮದ್ಯದಲ್ಲಿ ನೆನೆಸಿದ ಕೋವಿಮದ್ದಿಗೆ ಬೆಂಕಿ ತಾಗಿಸಿದಾಗ ಅದು ಹೊತ್ತಿಕೊಂಡರೆ ಮದ್ಯ ಗಟ್ಟಿ, ಹೊತ್ತದಿದ್ದರೆ ನೀರು ಬೆರೆತಿದೆ ಎಂದು ನೋಡುತ್ತಿದ್ದ ಕಾಲದಿಂದ ಬಂದ ಈ ಅಳತೆಯಲ್ಲಿ ಶೇ. 57.1 ಎಂಬುದೇ 100 ಡಿಗ್ರಿ. ಅದರ ಮುಕ್ಕಾಲು ಪಾಲು ನಮ್ಮ 42.8. ನನ್ನ ಬಳಿಯಿರುವ ಓಲ್ಡ್ ಗ್ರ್ಯಾಂಡ್-ಡ್ಯಾಡ್ 114 ಎಂಬ ಬರ್ಬನ್ನಿನಲ್ಲಿ ಶೇ. 57 ಆಲ್ಕೊಹಾಲ್ ಇದೆ, ಅಂದರೆ ಹೆಚ್ಚುಕಡಿಮೆ ಬ್ರಿಟಿಷರ ಪೂರ್ತಿ ನೂರು. ಹಾಗಾಗಿ ಅದರ 750 ಮಿಲಿಲೀಟರಿಗೆ ಕಾಲು ಲೀಟರ್ ನೀರು ಬೆರೆಸಿದರೆ ನಮ್ಮ ಅಂಗಡಿಯ ತೀವ್ರತೆಯ ಒಂದು ಲೀಟರ್ ವಿಸ್ಕಿ ಸಿದ್ಧವಾಗುತ್ತದೆ. ಇದೇ ಲೆಕ್ಕವನ್ನು ತಿರುಗಿಸಿದರೆ, ಅದನ್ನು ಅಭ್ಯಾಸದ ಅಳತೆಯಲ್ಲಿ ಹಾಗೆಯೇ ಹೊಯ್ದುಕೊಂಡವನು ಮೂರು ಪೆಗ್ಗಿಗೆ ನಾಲ್ಕು ಪೆಗ್ ಕುಡಿದಿರುತ್ತಾನೆ. ನಮ್ಮ ಮನೆಯಿಂದ ಹೊರಡುವ ಗೆಳೆಯರಿಗೆ ಆಟೊ ಕರೆಯುವ ಜವಾಬ್ದಾರಿ ನನ್ನ ತಲೆಗೆ ಬಂದದ್ದು ಹೀಗೆ.

ಈ 114ರ ಮುಂದೆ ನಾನು ಮೊದಲು ಸೋತದ್ದನ್ನೂ ಹೇಳಬೇಕು. ಬಾಟಲಿ ತೆರೆದ ದಿನ ಹನುಮಂತನಗರದ ಗೆಳೆಯನೊಬ್ಬ, "ಗುರೂ, ಇಂಥ ಮಾಲಿಗೆ ನೀರು ಹಾಕಿದರೆ ಪಾಪ ಸುತ್ಕೊಳ್ಳುತ್ತೆ, ರಾ ಹೊಡಿ" ಎಂದ. ಹೊಡೆದೆ. ಮೊದಲ ಗುಟುಕಿಗೇ ನಾಲಗೆಯ ಅಂಚುಗಳು ಸತ್ತಂತಾದವು. ಉರಿ ತಣಿಸಲು ಬಾಯಿಗೆ ಹಾಕಿಕೊಂಡ ಕಾಂಗ್ರೆಸ್ ಕಡಲೆಬೀಜ ಅದನ್ನು ಇಮ್ಮಡಿ ಮಾಡಿತು. "ಬರೀ ಬೆಂಕಿ, ರುಚಿ ಇಲ್ಲ" ಎಂದು ನೋಟ್‌ಬುಕ್ಕಿನಲ್ಲಿ ಬರೆದು ಬಾಟಲಿಯನ್ನು ಬೀರುವಿನ ಹಿಂದಕ್ಕೆ ತಳ್ಳಿದೆ, ಐದಾರು ತಿಂಗಳು ಅದರ ಮುಖ ನೋಡಲಿಲ್ಲ. ಮೆಣಸಿನಕಾಯಿಯ ಖಾರವನ್ನೂ ಸುಡುವ ಬಿಸಿಯನ್ನೂ ಗ್ರಹಿಸುವುದು ನಮ್ಮ ನರಗಳ ಮೇಲಿರುವ ಒಂದೇ ಗ್ರಾಹಕ. ಸಾಮಾನ್ಯವಾಗಿ 42 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಏಳಬೇಕಾದ ಅದರ ಉರಿಯ ಸೂಚನೆಯನ್ನು ಆಲ್ಕೊಹಾಲ್ ಮೈಯ ಬಿಸಿಗಿಂತಲೂ ಕೆಳಕ್ಕೆ ಇಳಿಸುತ್ತದೆ. ಆಗ ನಮ್ಮ ಬಾಯಿಯ ಬಿಸಿಯೇ ನಮ್ಮನ್ನು ಸುಟ್ಟಂತೆ ಭಾಸವಾಗುತ್ತದೆ. ಖಾರದ ಕಡಲೆಬೀಜ ಹೋಗಿ ಬಡಿದದ್ದೂ ಅದೇ ಬಾಗಿಲನ್ನು. ಅಡುಗೆಮನೆಯ ಲೆಕ್ಕದಲ್ಲಿ ಹೇಳುವುದಾದರೆ ಗುಂಟೂರು ಮೆಣಸಿನಕಾಯಿ ಖಾರಕ್ಕೆ, ಬ್ಯಾಡಗಿ ಬಣ್ಣಕ್ಕೆ ಮತ್ತು ಘಮಕ್ಕೆ. ಸಾರಿನ ಪುಡಿ ಮಾಡುವವರು ಎರಡನ್ನೂ ಹಾಕುತ್ತಾರೆ, ಆದರೆ ಒಂದನ್ನು ಇನ್ನೊಂದೆಂದು ಎಂದೂ ತಿಳಿಯುವುದಿಲ್ಲ. ಅಗ್ಗದ ಖಡಕ್ ಬರ್ಬನ್ನಿನಲ್ಲಿ ಗುಂಟೂರು ಎಷ್ಟು, ಬ್ಯಾಡಗಿ ಎಷ್ಟು ಎಂದು ಬೇರ್ಪಡಿಸುವುದು ರಾ ಕುಡಿದರೆ ಆಗುವ ಕೆಲಸವಲ್ಲ.

ಬರ್ಬನ್ನಿನ ಕಾಯಿದೆ ಬಿಗಿಯಾದದ್ದು, ಹಾಗಾಗಿ ಅಗ್ಗದ ಬಾಟಲಿಯಲ್ಲೂ ಮೋಸಕ್ಕೆ ಜಾಗ ಕಡಿಮೆ. ಧಾನ್ಯದಲ್ಲಿ ಕನಿಷ್ಠ ಶೇ. 51 ಮುಸುಕಿನ ಜೋಳ ಇರಬೇಕು. ಭಟ್ಟಿಯಿಂದ ಇಳಿಯುವಾಗ ಶೇ. 80ನ್ನು, ಒಳಮೈ ಸುಟ್ಟ ಹೊಸ ಓಕ್ ಪೀಪಾಯಿಗೆ ಹೋಗುವಾಗ ಶೇ. 62.5ನ್ನು ಮೀರಬಾರದು, ಬಾಟಲಿಗೆ ಬರುವಾಗ ಶೇ. 40ಕ್ಕಿಂತ ಕೆಳಗಿಳಿಯಬಾರದು, ಬಣ್ಣ, ಸಕ್ಕರೆ, ಎಸೆನ್ಸು ಯಾವುದನ್ನೂ ಸೇರಿಸುವಂತಿಲ್ಲ. ಪೀಪಾಯಿಯನ್ನು ಸುಟ್ಟಾಗ ಮರದೊಳಗಿನ ಸಕ್ಕರೆಯಂಶ ಕಂದು ಪಾಕವಾಗುತ್ತದೆ, ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಎಂಬ ಅಂಶ ಒಡೆದು ವೆನಿಲ್ಲಾದ ವಾಸನೆ ಹುಟ್ಟುತ್ತದೆ. ಮಂಡ್ಯದ ಕಡೆಯ ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಬೆಲ್ಲದ ಹದಕ್ಕೆ ಬರುವ ಹೊತ್ತಿನಲ್ಲಿ ನಿಂತವರಿಗೆ ಆ ವಾಸನೆ ಹೊಸದೆನಿಸುವುದಿಲ್ಲ. ಕಾಯಿದೆ ಬೆರೆಸಲು ಬಿಡುವುದು ನೀರೊಂದನ್ನೇ, ಬಾಟಲಿಯ ಬೆಲೆಯ ಗುಟ್ಟೂ ಬಹುಪಾಲು ಆ ನೀರಿನಲ್ಲೇ ಇದೆ.

ಕೆಲವು ಬಾಟಲಿಗಳ ಮೇಲೆ "ಬಾಟಲ್ಡ್ ಇನ್ ಬಾಂಡ್" ಎಂದು ಇರುತ್ತದೆ. ಕಚ್ಚಾ ಮದ್ಯಕ್ಕೆ ಹೊಗೆಸೊಪ್ಪಿನ ರಸದಂಥವನ್ನು ಸೇರಿಸಿ ಬಣ್ಣ ಬರಿಸಿ ಹಳೆಯ ವಿಸ್ಕಿ ಎಂದು ಮಾರುತ್ತಿದ್ದ ಕಾಲದಲ್ಲಿ, 1897ರಲ್ಲಿ, ಅಮೆರಿಕದ ಸರ್ಕಾರ ಮಾಡಿದ ಕಾಯಿದೆಯ ಗುರುತು ಅದು: ಒಂದೇ ಭಟ್ಟಿಯದು, ಒಂದೇ ಋತುವಿನದು, ಸರ್ಕಾರದ ಕಣ್ಗಾವಲಿನ ಉಗ್ರಾಣದಲ್ಲಿ ಕನಿಷ್ಠ ನಾಲ್ಕು ವರ್ಷ ಇದ್ದದ್ದು, ಸರಿಯಾಗಿ ಶೇ. 50ಕ್ಕೆ ಬಾಟಲಿಗಿಳಿಸಿದ್ದು. 1981ರ ಜುಲೈನಲ್ಲಿ ವಿಷಮದ್ಯ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತದ್ದನ್ನು ಕಂಡ ಊರು ನಮ್ಮ ಬೆಂಗಳೂರು. ಬಾಟಲಿಯೊಳಗೆ ಇರುವುದು ಇದೇ ಎಂದು ಸರ್ಕಾರ ಹೊಣೆ ಹೊತ್ತು ಹೇಳುವ ಮಾತಿನ ತೂಕ ನಮಗೆ ಬೇಗ ಅರ್ಥವಾಗುತ್ತದೆ.

ಇನ್ನು ಹಣದ ಲೆಕ್ಕ. ಭಾವಮೈದುನ ಕೊಟ್ಟ ರಸೀದಿಗಳ ಪ್ರಕಾರ, ಡಾಲರಿಗೆ 85 ರೂಪಾಯಿ ಹಿಡಿದರೆ, ಬಾಟಲ್ಡ್ ಇನ್ ಬಾಂಡ್ ಜಾತಿಯ ಇವಾನ್ ವಿಲಿಯಮ್ಸ್ 1,530 ರೂಪಾಯಿ, ಶೇ. 50.5ರ ವೈಲ್ಡ್ ಟರ್ಕಿ 101ಕ್ಕೆ 2,125, ಓಲ್ಡ್ ಗ್ರ್ಯಾಂಡ್-ಡ್ಯಾಡ್ 114ಕ್ಕೆ 2,720. ನಾನು ಇಲ್ಲಿ ಕೊಂಡ ಶೇ. 40ರ ಸಾಧಾರಣ ಜಿಮ್ ಬೀಮ್ ಅಲ್ಲಿ 1,360ಕ್ಕೆ ಸಿಗುತ್ತದೆಂದು ಅವನೇ ಹೇಳಿದ. ಬಾಟಲಿಯ ಬೆಲೆಯನ್ನು ಒಳಗಿರುವ ಶುದ್ಧ ಆಲ್ಕೊಹಾಲಿನಿಂದ ಭಾಗಿಸಿದರೆ ಇವಾನ್ ವಿಲಿಯಮ್ಸ್ ಮಿಲಿಲೀಟರಿಗೆ ಸುಮಾರು 4 ರೂಪಾಯಿ, ಜಿಮ್ ಬೀಮ್ ನಾಲ್ಕೂವರೆ, ವೈಲ್ಡ್ ಟರ್ಕಿ 5 ರೂಪಾಯಿ 60 ಪೈಸೆ, 114 ಆರರ ಮೇಲೆ. ಲೇಬಲ್ಲಿನಲ್ಲಿ ಅಗ್ಗವೆನಿಸುವ ಜಿಮ್ ಬೀಮ್ ಅಷ್ಟೇನೂ ಅಗ್ಗವಲ್ಲ ಎಂದು ಇದರಿಂದ ತಿಳಿಯುತ್ತದೆ, ಏಕೆಂದರೆ ನೀರಿಗೂ ನಾವು ಬೆಲೆ ತೆತ್ತಿರುತ್ತೇವೆ. ಆ ನೀರಿನ ಮೌಲ್ಯವನ್ನು ಕಂಪನಿಗಳು ಚೆನ್ನಾಗಿಯೇ ಬಲ್ಲವು: 2013ರ ಫೆಬ್ರುವರಿಯಲ್ಲಿ ಮೇಕರ್ಸ್ ಮಾರ್ಕ್‌ನವರು, ಬೇಡಿಕೆಗೆ ತಕ್ಕಷ್ಟು ಸರಕಿಲ್ಲವೆಂದು, ತಮ್ಮ ಶೇ. 45ರ ಬರ್ಬನ್ನನ್ನು ಶೇ. 42ಕ್ಕೆ ಇಳಿಸುವುದಾಗಿ ಹೇಳಿದರು, ಗಿರಾಕಿಗಳು ರೊಚ್ಚಿಗೆದ್ದರು, ಸುಮಾರು ಒಂದು ವಾರದಲ್ಲೇ ಆ ಮಾತನ್ನು ಹಿಂದಕ್ಕೆ ಪಡೆದರು. ಆದರೂ ಆಲ್ಕೊಹಾಲಿನ ಮಿಲಿಲೀಟರನ್ನೇ ಹಿಡಿದು ಬೆಲೆ ಕಟ್ಟುವುದು, ಗಾಂಧಿ ಬಜಾರಿನಲ್ಲಿ ಕಾಫಿ ಪುಡಿಯನ್ನು ಕೆಫೀನಿನ ತೂಕ ನೋಡಿ ಕೊಂಡಂತೆ. ಆ ಲೆಕ್ಕ ನನಗೆ ಅರ್ಧ ದಾರಿಯವರೆಗೆ ಮಾತ್ರ ಬಂತು.

ಉಳಿದ ಅರ್ಧಕ್ಕೆ ನಾನು ಮಾಡಿಕೊಂಡ ಉಪಾಯ ಇದು: ನಾಲ್ಕನ್ನೂ ನೀರು ಬೆರೆಸಿ ಶೇ. 40ಕ್ಕೆ ಇಳಿಸಿ, ಯಾವುದು ಯಾವುದೆಂದು ತಿಳಿಯದಂತೆ ಅಕ್ಕಪಕ್ಕ ಇಟ್ಟು ನೋಡುವುದು. ಎಲ್ಲಕ್ಕೂ ಒಂದೇ ತೀವ್ರತೆ ಬಂದ ಮೇಲೆ ಉರಿಯ ನೆಪ ಯಾವುದಕ್ಕೂ ಉಳಿಯುವುದಿಲ್ಲ. ಆಮೇಲೂ ಒಂದು ಲೋಟ ಇನ್ನೊಂದಕ್ಕಿಂತ ತುಂಬಿಕೊಂಡಿದೆ ಎನಿಸಿದರೆ ಆ ತುಂಬುತನ ಧಾನ್ಯದಿಂದಲೋ ಪೀಪಾಯಿಯಿಂದಲೋ ಬಂದದ್ದೇ ಸರಿ.

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯ ಹೊತ್ತನ್ನು ಆರಿಸಿಕೊಂಡೆ. ಬೆಳಗಿನ ಕಾಫಿಯ ರುಚಿ ನಾಲಗೆಯಿಂದ ಹೋಗಿರುತ್ತದೆ, ಮಧ್ಯಾಹ್ನದ ಸಾರಿಗೆ ಒಗ್ಗರಣೆ ಇನ್ನೂ ಬಿದ್ದಿರುವುದಿಲ್ಲ. ಇಂಗಿನ ಒಗ್ಗರಣೆ ಬಿದ್ದ ಮನೆಯಲ್ಲಿ ಮೂಗಿಗೆ ಆ ಹೊತ್ತಿನ ಮಟ್ಟಿಗೆ ರಜೆ ಕೊಟ್ಟಂತೆಯೇ. ನಲ್ಲಿಯಲ್ಲಿ ಬರುವ ಕಾವೇರಿ ನೀರಿಗೆ ಕೆಲವು ದಿನ ಕ್ಲೋರಿನ್ ವಾಸನೆ ಇರುತ್ತದೆ, ಬೋರ್‌ವೆಲ್ ನೀರಂತೂ ಗಡಸು. ಹಾಗಾಗಿ ಫಿಲ್ಟರ್ ನೀರನ್ನೇ ಹಿಂದಿನ ರಾತ್ರಿ ಕಾಯಿಸಿ ಆರಿಸಿಟ್ಟಿದ್ದೆ. ಅಳತೆಗೆ ಬಳಸಿದ್ದು ಕೆಮ್ಮಿನ ಔಷಧಿಯ ಜೊತೆ ಬರುವ ಪ್ಲಾಸ್ಟಿಕ್ ಮುಚ್ಚಳ. ಅದರ ಮೇಲೆ 2.5, 5, 7.5, 10 ಎಂದು ಗೆರೆಗಳಿರುತ್ತವೆ. 30 ಮಿಲಿಲೀಟರ್ ಇವಾನ್ ವಿಲಿಯಮ್ಸಿಗೆ ಸರಿಯಾಗಿ 7.5ರ ಗೆರೆಯಷ್ಟು ನೀರು, ವೈಲ್ಡ್ ಟರ್ಕಿಗೆ ಆ ಗೆರೆಗಿಂತ ಕೂದಲೆಳೆ ಮೇಲೆ, 114ಕ್ಕೆ ಒಂದು ಮುಚ್ಚಳದ ಮೇಲೆ ಇನ್ನೊಂದು 2.5 ಮತ್ತು ನಾಲ್ಕು ಹನಿ. ಜಿಮ್ ಬೀಮಿಗೆ ಏನೂ ಬೇಡ. ಹೊಯ್ಯುವ ಕೆಲಸವನ್ನು ಹೆಂಡತಿಗೆ ಒಪ್ಪಿಸಿದೆ. ಅವಳು ಕುಡಿಯುವುದಿಲ್ಲ, ಆದ್ದರಿಂದ ಪಕ್ಷಪಾತವೂ ಇಲ್ಲ. "ರೀ, ಔಷಧಿ ವಾಸನೆ ಹೋಗೋ ಹಾಗೆ ತೊಳೆದಿದೀರಾ ಇದನ್ನ?" ಎಂದು ಮುಚ್ಚಳವನ್ನು ಮೂಗಿಗೆ ಹಿಡಿದು ನೋಡಿ, ಮತ್ತೊಮ್ಮೆ ತಾನೇ ತೊಳೆದು, ಒಂದೇ ಅಳತೆಯ ನಾಲ್ಕು ಗಾಜಿನ ಲೋಟಗಳ ತಳಕ್ಕೆ ಒಂದು, ಎರಡು, ಮೂರು, ನಾಲ್ಕು ಸ್ಟಿಕರ್ ಬಿಂದಿಗಳನ್ನು ಅಂಟಿಸಿ, ತಟ್ಟೆ ಮುಚ್ಚಿ ಅರ್ಧ ಗಂಟೆ ಬಿಟ್ಟಳು.

ಮೂಸುವಾಗ ಬಾಯಿಯನ್ನು ತುಸು ತೆರೆದಿಟ್ಟುಕೊಂಡರೆ ಆಲ್ಕೊಹಾಲಿನ ಚುಚ್ಚು ಕಡಿಮೆಯಾಗುತ್ತದೆ. ಎರಡು ಬಿಂದಿಯ ಲೋಟದಲ್ಲಿ ಹುರಿದ ಕಡಲೆಕಾಯಿಯ ಸಿಪ್ಪೆ, ಸ್ವಲ್ಪ ಸಕ್ಕರೆ. ಬಾಯಿಗೆ ಬಿಟ್ಟರೆ ತೆಳ್ಳಗೆ ಹರಿದು ಗಂಟಲಿಳಿದು ಹೋಯಿತು. ಜಿಮ್ ಬೀಮ್ ಎಂದು ಬರೆದೆ, ಸರಿಯಾಗಿತ್ತು. ನಾಲ್ಕು ಬಿಂದಿಯದರಲ್ಲಿ ಅದೇ ಕಡಲೆಕಾಯಿ, ಆದರೆ ಬಸವನಗುಡಿಯ ಪರಿಷೆಯಲ್ಲಿ ಬಿಸಿ ಬಾಣಲೆಯಿಂದ ತೆಗೆದುಕೊಟ್ಟಷ್ಟು ಗಾಢ, ಮೇಲೆ ಚಕ್ಕೆ ಲವಂಗ. ನಾಲಗೆಯ ಎರಡು ಬದಿಯನ್ನೂ ಹಿಡಿದುಕೊಂಡು ನಿಧಾನವಾಗಿ ಬಿಟ್ಟಿತು. ಐದಾರು ತಿಂಗಳ ಹಿಂದೆ "ರುಚಿ ಇಲ್ಲ" ಎಂದು ನಾನೇ ತೀರ್ಪು ಕೊಟ್ಟಿದ್ದ 114 ಅದು. ಅದೂ ಜಿಮ್ ಬೀಮೂ ಒಂದೇ ಮನೆತನದ ಭಟ್ಟಿಯ ಕೂಸುಗಳೇ, ಆದರೆ ಜಿಮ್ ಬೀಮಿನ ಧಾನ್ಯದಲ್ಲಿ ರೈ ಶೇ. 13ರಷ್ಟಿದ್ದರೆ ಇದರಲ್ಲಿ ಶೇ. 27, ಚಕ್ಕೆ ಲವಂಗದ ಮೂಲ ಆ ರೈ ಧಾನ್ಯ.

ನನ್ನನ್ನು ಕಾಡಿದ್ದು ಒಂದು ಮತ್ತು ಮೂರು. ಮೂರು ಬಿಂದಿಯ ಲೋಟ ಮೂಗಿಗೆ ಬಂದೊಡನೆ ಕೊಬ್ಬರಿ ಮಿಠಾಯಿ, ಒಬ್ಬಟ್ಟಿನ ಹೂರಣ. ಒಂದರದು ಮೊದಲಿಗೆ ಮೌನ. ಮೂರು ವೈಲ್ಡ್ ಟರ್ಕಿ, ಒಂದು ಇವಾನ್ ವಿಲಿಯಮ್ಸ್ ಎಂದು ಪೆನ್ಸಿಲಿನಲ್ಲಿ ಬರೆದೆ. ಇಪ್ಪತ್ತು ನಿಮಿಷ ಕಳೆಯುವಷ್ಟರಲ್ಲಿ ಮೂರನೆಯದರ ಮಿಠಾಯಿ ಕರಗಿ ಅದು ಎರಡನೆಯದರ ತಮ್ಮನಂತೆ ಕಾಣತೊಡಗಿತು. ಒಂದರೊಳಗಿಂದ ತಳ ಹಿಡಿದ ಬೆಲ್ಲದ ಪಾಕ, ಸಾಮಿಲ್ಲಿನ ಮುಂದೆ ಹಾದಾಗಿನ ಹಸಿ ಮರ, ಕೊನೆಗೆ ಗಟ್ಟಿ ಡಿಕಾಕ್ಷನ್ನಿನ ಒಗರು ಒಂದೊಂದಾಗಿ ಎದ್ದವು. ಬರೆದದ್ದನ್ನು ಅಳಿಸಿ ತಿರುಗಿಸಿದೆ. ಹೆಂಡತಿ ನಾಲ್ಕನ್ನೂ ಬರೀ ಮೂಸಿ, "ಒಂದು, ನಾಲ್ಕು ಮರದ್ದು, ಎರಡು, ಮೂರು ಮಿಠಾಯಿದು" ಎಂದು ಅರ್ಧ ನಿಮಿಷದಲ್ಲಿ ಹೇಳಿ ಅಡುಗೆಮನೆಗೆ ಹೋದಳು. ಲೋಟ ತಿರುಗಿಸಿ ಬಿಂದಿಗಳನ್ನು ಅವಳು ಹೊಯ್ಯುವಾಗ ಬರೆದಿಟ್ಟಿದ್ದ ಚೀಟಿಗೆ ಹೊಂದಿಸಿ ನೋಡಿದಾಗ ಅವಳು ಮಾಡಿದ ಜೋಡಿಗಳೇ ನಿಂತವು: ಒಂದು ವೈಲ್ಡ್ ಟರ್ಕಿ, ಮೂರು ಇವಾನ್ ವಿಲಿಯಮ್ಸ್.

ಶೇ. 50ರಲ್ಲಿ ಈ ಎರಡನ್ನೂ ಹಿಂದೆ ಹಲವು ಸಲ ಕುಡಿದು ಸರಿಸಮವೆಂದೇ ತಿಳಿದಿದ್ದೆ. ಇವಾನ್ ವಿಲಿಯಮ್ಸಿನ ಪಾಲಿಗೆ ಆ ಸರಿಸಮಾನತೆಯ ಒಂದಂಶ ಉರಿಯಿಂದ ಬಂದದ್ದು ಎಂದು ಈಗ ಕಂಡಿತು. ಅದನ್ನು ಕೆಟ್ಟದ್ದೆನ್ನಲಾರೆ, 1,530 ರೂಪಾಯಿಗೆ ನಾಲ್ಕು ವರ್ಷ ಕಾದ ಸಾಚಾ ಸರಕು ಅದು, ಸೋಡಾ ಬೆರೆಸುವವರಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಹೇಳಲಾರೆ. ವೈಲ್ಡ್ ಟರ್ಕಿ ನೀರಿನಲ್ಲೂ ಉಳಿದುಕೊಳ್ಳುವುದಕ್ಕೆ ಕಾರಣ ಅದರ ಪೀಪಾಯಿಯ ಪದ್ಧತಿಯಲ್ಲಿದೆ. 1954ರಲ್ಲಿ ಕೆಲಸಕ್ಕೆ ಸೇರಿದ ಜಿಮ್ಮಿ ರಸೆಲ್ ಎಂಬ ಹಿರಿಯರು ದಶಕಗಳ ಕಾಲ ನೋಡಿಕೊಂಡ ಆ ಭಟ್ಟಿಯಲ್ಲಿ ಪೀಪಾಯಿಯ ಒಳಮೈಯನ್ನು ಮೊಸಳೆಯ ಚರ್ಮದಂತೆ ಬಿರಿಯುವಷ್ಟು ಸುಡುತ್ತಾರೆ, ಮದ್ಯವನ್ನು ಕಾಯಿದೆಯ ಗಡಿಯಾದ ಶೇ. 62.5ಕ್ಕೆ ತುಂಬದೆ ಶೇ. 57.5ಕ್ಕೆ ಇಳಿಸಿ ತುಂಬುತ್ತಾರೆ. ಮರದ ಸಕ್ಕರೆಗಳು ಆಲ್ಕೊಹಾಲಿಗಿಂತ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ, ಒಳಗೆ ನೀರು ಹೆಚ್ಚಿದ್ದಷ್ಟೂ ಅವು ಹೆಚ್ಚು ಇಳಿದುಬರುತ್ತವೆ. ಹೊರಬಂದ ಮೇಲೆ 50.5ಕ್ಕೆ ತರಲು ಬೆರೆಸಬೇಕಾದ ನೀರೂ ಕಡಿಮೆ. ಹೀಗೆ ಮಾಡಿದರೆ ಅಷ್ಟೇ ಸರಕಿಗೆ ಹೆಚ್ಚು ಪೀಪಾಯಿ ಬೇಕಾಗುತ್ತವೆ, ಅಂದರೆ ಖರ್ಚು ಹೆಚ್ಚು. ಆ ಖರ್ಚನ್ನು ಅವರು ಮಾಡಿದ್ದಾರೆ, ನಾವು ಕೊಡುವ ಹೆಚ್ಚಿನ ಆರುನೂರು ರೂಪಾಯಿ ಅಲ್ಲಿಗೆ ಹೋಗಿದೆ ಎಂಬುದು ನನ್ನ ನಂಬಿಕೆ.

ನಲವತ್ತಕ್ಕೆ ಇಳಿಸುವುದು ಪರೀಕ್ಷೆಗಷ್ಟೇ. ಕುಡಿಯಲು ಅದು ತೀರಾ ಹೆಚ್ಚು ನೀರು. 2017ರಲ್ಲಿ ಸ್ವೀಡನ್ನಿನ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಅಣುಗಳ ಚಲನೆಯನ್ನು ಲೆಕ್ಕ ಹಾಕಿ, ಶೇ. 45ರವರೆಗಿನ ಮಿಶ್ರಣದಲ್ಲಿ ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ವಸ್ತು ಮೇಲ್ಮೈಗೆ ಬಂದು ನಿಲ್ಲುತ್ತದೆಂದೂ, ಶೇ. 59ನ್ನು ಮೀರಿದರೆ ಆಲ್ಕೊಹಾಲಿನ ನಡುವೆ ಮುಳುಗಿ ಹೋಗುತ್ತದೆಂದೂ ತೋರಿಸಿದರು. ನನ್ನ ಔಷಧಿ ಮುಚ್ಚಳದ ಅನುಭವವೂ ಅದಕ್ಕೆ ದೂರವಿಲ್ಲ: ವೈಲ್ಡ್ ಟರ್ಕಿಯ 30 ಮಿಲಿಲೀಟರಿಗೆ 2.5, ಅಂದರೆ ಶೇ. 46–47; 114ಕ್ಕೆ 5, ಅಂದರೆ ಶೇ. 49ರ ಸುಮಾರು. ಏಪ್ರಿಲ್ಲಿನ ಸೆಕೆಯ ಸಂಜೆ ಇನ್ನೊಂದು ಅರ್ಧ ಗೆರೆ ಬೇಕಾಗುತ್ತದೆ, ಡಿಸೆಂಬರಿನ ಚಳಿಯಲ್ಲಿ ಬೇಡ.

ಇದೆಲ್ಲ ಸೂಟ್‌ಕೇಸಿನಲ್ಲಿ ಬಂದ ಬಾಟಲಿಯ ಮಾತು. 2025ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಬರ್ಬನ್ನಿನ ಆಮದು ಸುಂಕವನ್ನು ಶೇ. 150ರಿಂದ 100ಕ್ಕೆ ಇಳಿಸಿತಾದರೂ, ಅದರ ಮೇಲೆ ರಾಜ್ಯದ ಅಬಕಾರಿ ಸುಂಕವೂ ಕೂತಾಗ ಕೆಂಟಕಿಯಲ್ಲಿ ಕೆಳಗಿನ ಹಲಗೆಯಲ್ಲಿದ್ದದ್ದು ಇಲ್ಲಿ ಮೇಲಿನ ಹಲಗೆಗೆ ಏರುತ್ತದೆ. ನಾನು ಹೋಗುವ ಜಯನಗರದ ಅಂಗಡಿಯಲ್ಲಿ ಕಾಣುವ ಬರ್ಬನ್ನುಗಳೂ ಹೆಚ್ಚಾಗಿ ಶೇ. 40ರಿಂದ 45ರವು. ಆ ಬೆಲೆ ಕೊಡುವುದಾದರೆ ಇಲ್ಲಿ ನಾನು ಕೊಳ್ಳುವುದು ಅಮೃತ್ ಫ್ಯೂಷನ್ನನ್ನು. ಅದು ಬಾರ್ಲಿಯ ಸಿಂಗಲ್ ಮಾಲ್ಟ್, ಬರ್ಬನ್ ಅಲ್ಲ. ಆದರೆ ತೀವ್ರತೆ ಅದೇ ಶೇ. 50. ಒಮ್ಮೆ ಬರ್ಬನ್ ತುಂಬಿದ ಪೀಪಾಯಿಗೆ ಮತ್ತೆ ಬರ್ಬನ್ ತುಂಬುವಂತಿಲ್ಲವಾದ್ದರಿಂದ ಹೊರಬಿದ್ದ ಪೀಪಾಯಿಗಳು ಲೋಕವೆಲ್ಲ ಸುತ್ತಿ ಮೈಸೂರು ರಸ್ತೆಯ ಕಂಬೀಪುರಕ್ಕೂ ಬಂದು, ಅಮೃತ್‌ನವರ ಮದ್ಯವನ್ನು ತುಂಬಿಕೊಳ್ಳುತ್ತವೆ. ಬೆಂಗಳೂರಿನ ಹವೆಯಲ್ಲಿ ವರ್ಷಕ್ಕೆ ಶೇ. 10ರಿಂದ 12ರಷ್ಟು ಆವಿಯಾಗಿ ಹೋಗುವುದರಿಂದ ಇಲ್ಲಿ ಹೆಚ್ಚು ಕಾಲ ಇಡುವುದು ಅಪರೂಪ. ಅದನ್ನೂ ಔಷಧಿ ಮುಚ್ಚಳ ಹಿಡಿದು ನಲವತ್ತಕ್ಕೆ ಇಳಿಸಿ ನೋಡಿದೆ: ಹೊಗೆ ತುಸು ಹಿಂದೆ ಸರಿಯಿತು, ಜೇನು ಮತ್ತು ಮರ ಜಾಗ ಬಿಡಲಿಲ್ಲ.

ಮೊನ್ನೆ ಭಾವಮೈದುನನ ಮೆಸೇಜು ಬಂತು: "ಭಾವ, ದೀಪಾವಳಿಗೆ ಬರ್ತಿದೀನಿ, ಈ ಸಲ ಯಾವುದು ತರಲಿ?" ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದೆ ಬಿಡುವುದು ತಲೆಗೆ ಎರಡು ಲೀಟರ್, ಕಸ್ಟಮ್ಸಿನವರು ಅಳೆಯುವುದು ಲೀಟರನ್ನು, ಪ್ರೂಫನ್ನಲ್ಲ. ಇಷ್ಟು ವರ್ಷ ಎರಡು 750ರ ಬಾಟಲಿ ತರಿಸಿಕೊಂಡು ಅರ್ಧ ಲೀಟರಿನ ಅವಕಾಶವನ್ನು ಬಿಟ್ಟುಕೊಡುತ್ತಿದ್ದೆ. ವೈಲ್ಡ್ ಟರ್ಕಿ 101 ಒಂದು ಲೀಟರಿನ ಬಾಟಲಿಯಲ್ಲೂ ಸಿಗುತ್ತದೆ, ಅಂಥವು ಎರಡು ತಂದರೆ ಸಾಕು, ನಮ್ಮ ಅಂಗಡಿಯ ಲೆಕ್ಕದಲ್ಲಿ ಅದು ಎರಡು ಲೀಟರಿನ ಮೇಲೆ 350 ಮಿಲಿಲೀಟರಿಗೂ ಹೆಚ್ಚಾಗುತ್ತದೆ ಎಂದು ಬರೆದು ಕಳಿಸಿದೆ. ಅವನಿಂದ ಬಂದ ಉತ್ತರ ಒಂದೇ ಸಾಲು: "ಅಕ್ಕ ಆಗಲೇ ಹೇಳಿದಾಳೆ, ಒಂದು ಬಿಂದಿದು ತಾನೇ?"